ಸೊಣ್ಣಪ್ಪನ ಕಿವಿಯೂ ಅಚ್ಚಿನ ಕಣ್ಣೂ

“ನನ್ ಕಿವಿ ದಾಟ್ಕಂಡು ಒಂದೇ ಒಂದು ಅರೆಬೆಂದ ಪೀಸು ಈ ಗೇಟ್ ಆಚೆ ಓಗಿಲ್ಲ, ನಾನಿರೋಗಂಟ ಓಗದೂ ಇಲ್ಲ!”

ಅಬ್ಬಿಗೆರೆಯ ಸೊಣ್ಣಪ್ಪ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಫ್ಯಾಕ್ಟರಿಯ ಶೀಟಿಗೆ ತುಕ್ಕು ಹಿಡಿಯುತ್ತಿತ್ತೋ ಏನೋ. ಟೀ ಬಂದಾಗ ಹೇಳುತ್ತಿದ್ದ, ಕರೆಂಟ್ ಹೋದಾಗ ಹೇಳುತ್ತಿದ್ದ, ದಾರಿ ತಪ್ಪಿದವರು ಗೇಟಿಗೆ ಬಂದು ವಿಳಾಸ ಕೇಳಿದರೆ ವಿಳಾಸದ ಜೊತೆಗೆ ಇದನ್ನೂ ಕಟ್ಟಿ ಕಳಿಸುತ್ತಿದ್ದ. ಕಿವಿ ಅವನಿಗೆ ಪಿತ್ರಾರ್ಜಿತ. ಅವನ ತಾತ ಅದೇ ಅಬ್ಬಿಗೆರೆಯಲ್ಲಿ ಕಡಲೆಕಾಯಿ ಕಿತ್ತು, ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜ ಬಲಿತಿದೆಯೋ ಇಲ್ಲವೋ ಹೇಳುತ್ತಿದ್ದನಂತೆ. ಕಡಲೆಕಾಯಿ ಹೊಲಗಳು ಹೋಗಿ ಶೆಡ್ಡುಗಳು ಬಂದವು, ಕಿವಿ ಮಾತ್ರ ಮನೆತನದಲ್ಲಿ ಉಳಿಯಿತು.

ಸೊಣ್ಣಪ್ಪ ಕೆಲಸ ಮಾಡುತ್ತಿದ್ದದ್ದು ನರೇಂದ್ರನ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿನಲ್ಲಿ, ನರೇಂದ್ರನ ಅಪ್ಪನ ಕಾಲದಿಂದ. ಅಲ್ಲಿ ಬಸ್ಸುಗಳ ವೈಪರ್ ಮೋಟಾರಿನೊಳಗೆ ಕೂರುವ ನೈಲಾನ್ ಗಿಯರುಗಳು ತಯಾರಾಗುತ್ತಿದ್ದವು. ನೈಲಾನ್ ಕಾಳನ್ನು ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಿ, ಗಟ್ಟಿಯಾದ ಮೇಲೆ ಅಚ್ಚು ತೆರೆದರೆ ಗಿಯರು ಕೆಳಗಿನ ಟ್ರೇಗೆ ಬೀಳುತ್ತದೆ. ಹೇಳುವುದಕ್ಕೆ ಇಡ್ಲಿ ಬೇಯಿಸಿದಷ್ಟು ಸುಲಭ. ಆದರೆ ಇಡ್ಲಿ ಬೆಂದಿದೆಯೇ ಎಂದು ಬೆರಳಿಟ್ಟು ನೋಡಬಹುದು. ಮುಚ್ಚಿದ ಅಚ್ಚಿನೊಳಗೆ ಬೆರಳಿಟ್ಟವನು ಮುಂದೆ ಲೆಕ್ಕವನ್ನೆಲ್ಲ ಒಂಬತ್ತೇ ಬೆರಳಲ್ಲಿ ಮುಗಿಸಬೇಕು. ಬೇಗ ತೆರೆದರೆ ಗಿಯರು ಮೇಲೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಇನ್ನೂ ಹರಳು ಕಟ್ಟುತ್ತಲೇ ಇರುತ್ತದೆ. ಮೂಟೆಯಲ್ಲಿ ಕೂತು ದಿನಗಟ್ಟಲೆ ಕಟ್ಟಿಕೊಂಡು, ಅಷ್ಟಷ್ಟೇ ಕುಗ್ಗಿ, ಕೊನೆಗೆ ಹಲ್ಲಿಗೆ ಹಲ್ಲು ಕೂರದೆ ಮೋಟಾರು ಮೊಂಡು ಬೀಳುತ್ತದೆ.

ಇದನ್ನು ಹಿಡಿಯುವುದೇ ಸೊಣ್ಣಪ್ಪನ ವಿದ್ಯೆ. ಬಿಸಿ ಗಿಯರನ್ನು ಎತ್ತಿ ಮಿಷನ್ನಿನ ಉಕ್ಕಿನ ಕಂಬಿಗೆ ಒಂದು ಸಲ ಬಡಿಯುವನು. ಒಳಗೆಲ್ಲ ಗಟ್ಟಿಯಾಗಿದ್ದರೆ ಸಣ್ಣಗೆ ‘ಟಣ್’. ಅರೆಬರೆಯಾಗಿದ್ದರೆ ‘ತಪ್’. ಅವನು ಬಡಿದರೆ ಚಿಕ್ಕಬಾಣಾವರ ಸ್ಟೇಷನ್ನಿನಲ್ಲಿ ಜನ ರೈಲು ಬಂತೆಂದು ಗಂಟು ಎತ್ತಿಕೊಳ್ಳುತ್ತಿದ್ದರು ಎಂದರೆ ಸ್ವಲ್ಪ ಜಾಸ್ತಿಯಾದೀತು. ಗಂಟಿಗೆ ಕೈ ಹಾಕುತ್ತಿದ್ದರು, ಅಷ್ಟೇ. ನರೇಂದ್ರನ ಅಪ್ಪ ಸಾಯುವಾಗ ಮಗನಿಗೆ, “ಮಿಷನ್ ಮಾರಿದ್ರೂ ಮಾರು, ಸೊಣ್ಣಪ್ಪನ್ನ ಮಾತ್ರ ಬಿಡಬೇಡ” ಎಂದಿದ್ದರಂತೆ. ಈ ಮಾತನ್ನು ಕೇಳಿಸಿಕೊಂಡವನು ಸೊಣ್ಣಪ್ಪ ಒಬ್ಬನೇ.

ಕಷ್ಟವೇನೆಂದರೆ, ಆ ಕಿವಿ ಸತ್ತು ವರ್ಷಗಳಾಗಿದ್ದವು.

ಕೊಂದದ್ದು ಪಕ್ಕದಲ್ಲೇ ಇದ್ದ ಗ್ರೈಂಡರು. ರಿಜೆಕ್ಟ್ ಆದ ಮಾಲನ್ನು ಗಯಾಸ್ ಅದಕ್ಕೆ ಸುರಿದು ಪುಡಿ ಮಾಡುತ್ತಿದ್ದ. ಅದು ಒಮ್ಮೆ ಬಾಯಿ ತೆರೆಯಿತೆಂದರೆ ಅಬ್ಬಿಗೆರೆಯ ಕಾಗೆಗಳು ಹೆಸರಘಟ್ಟದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದವು. ಗಯಾಸನ ಕಿವಿಯೂ ಅಷ್ಟಕ್ಕಷ್ಟೇ. ಟೀ ಹೊತ್ತಿನಲ್ಲಿ ಸೊಣ್ಣಪ್ಪ ಮಗಳ ಗಂಡನ ವಿಚಾರ ಹೇಳುವನು, ಗಯಾಸ್ ಮಂಡಿನೋವಿನ ವಿಚಾರ ಹೇಳುವನು, ಕೊನೆಗೆ ಇಬ್ಬರೂ “ಅದೇ ಮತ್ತೆ, ಅನುಭವಿಸ್ಬೇಕು” ಎಂದು ಒಂದೇ ತೀರ್ಮಾನಕ್ಕೆ ಬರುವರು. ಅಷ್ಟು ಒಗ್ಗಟ್ಟಿನ ಸ್ನೇಹ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಸೊಣ್ಣಪ್ಪನಿಗೆ ಮೊದಲು ಹೋದದ್ದು ಸಣ್ಣ ದನಿಗಳು. ಕೋಗಿಲೆ ಹೋಯಿತು, ಫೋನಿನ ಗಂಟೆ ಹೋಯಿತು. ಒಂದು ದಿನ ಗಿಯರನ್ನು ಬಡಿದಾಗ ‘ಟಣ್’ ಎನ್ನುವುದೂ ಹೋಗಿತ್ತು. ಅವನು ಇನ್ನೊಂದು ಬಡಿದ. ಮತ್ತೊಂದು ಬಡಿದ. ಕೈಗೆ ಅದುರುವುದು ತಿಳಿಯುತ್ತಿತ್ತು, ಕಿವಿಗೆ ಏನೂ ಇಲ್ಲ. ಆ ದಿನ ಅವನು ಊಟದ ಡಬ್ಬಿಯನ್ನು ತೆರೆಯದೇ ಮನೆಗೆ ಒಯ್ದ. ಮಾರನೆಯ ದಿನ ಸದ್ದಿಲ್ಲದೆ ಒಂದು ಕೆಲಸ ಮಾಡಿದ: ಮಿಷನ್ನಿನ ಕೂಲಿಂಗ್ ಟೈಮಿಗೆ ಒಂದಿಷ್ಟು ಸೆಕೆಂಡು ಧಾರಾಳವಾಗಿ ಸೇರಿಸಿಟ್ಟ. ಅಚ್ಚಿನಲ್ಲಿ ಅಷ್ಟು ಹೊತ್ತು ಕೂತರೆ ಕಲ್ಲೂ ಬೆಂದು ಹೋಗಬೇಕು. ಅಲ್ಲಿಂದ ಮುಂದೆ ಗಿಯರುಗಳು ತಾವಾಗಿಯೇ ಚೆನ್ನಾಗಿ ಬರುತ್ತಿದ್ದವು; ಅವನು ಬಡಿಯುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ತಲೆಯಾಡಿಸುತ್ತಿದ್ದ. ಬೇಗ ಬೇಗ ಎಂದು ನರೇಂದ್ರ ಆಫೀಸಿನ ಬಾಗಿಲಲ್ಲಿ ನಿಂತು ಕೈ ಬೀಸಿ ಕೂಗುತ್ತಿದ್ದ, ಅಚ್ಚು ಮಾತ್ರ ತನ್ನ ಹೊತ್ತಿಗೇ ತೆರೆಯುತ್ತಿತ್ತು. ಒಂದು ಮೂಟೆಯೂ ವಾಪಸ್ ಬರಲಿಲ್ಲ. ಕಿವಿಯ ಖ್ಯಾತಿ ಕಿವಿ ಇದ್ದಾಗಿನದಕ್ಕಿಂತ ಹೆಚ್ಚಿತು.

ಗುಟ್ಟು ಗೊತ್ತಿದ್ದದ್ದು ಹೆಂಡತಿ ಮುನಿಕೆಂಪಮ್ಮನಿಗೆ ಮಾತ್ರ. ಆಕೆ ಅವನನ್ನು ಕರೆಯಬೇಕಾದರೆ ಬಾಯಿ ಬಿಡುತ್ತಿರಲಿಲ್ಲ, ಕಡಲೆಬೀಜ ಎಸೆಯುತ್ತಿದ್ದಳು.

೨೦೧೪ರಲ್ಲಿ ಆ ಹೆಚ್ಚುವರಿ ಸೆಕೆಂಡುಗಳೇ ಮುಳುವಾದವು. ಪಕ್ಕದ ಶೆಡ್ಡಿನಲ್ಲಿ ಅಂಥದೇ ಮಿಷನ್ನಿನಿಂದ ಒಂದೂಕಾಲು ಪಟ್ಟು ಮಾಲು ಬರುತ್ತಿರುವುದನ್ನು ನರೇಂದ್ರ ಕಂಡ. ಯಲಹಂಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ವನಿತಾ ಎಂಬ ಹುಡುಗಿ ತನ್ನ ಉಪಕರಣವನ್ನು ಹಾಕಿ ನೋಡಲು ಶೆಡ್ಡು ಹುಡುಕುತ್ತಿದ್ದಳು. ಅವಳನ್ನು ಕರೆದ.

ಪುಟ್ಟೇನಹಳ್ಳಿಯಿಂದ ಸ್ಕೂಟಿಯಲ್ಲಿ ಬಂದ ವನಿತಾ ಅಚ್ಚಿನ ಎರಡೂ ಕಡೆ ಸಣ್ಣ ತೂತು ಕೊರೆಸಿ, ಕಡಲೆಬೇಳೆಯಷ್ಟು ದೊಡ್ಡ ಗಾಜಿನ ಕಿಟಕಿ ಕೂರಿಸಿದಳು. ಕೂದಲಿನಂಥ ಗಾಜಿನ ಎಳೆಯಲ್ಲಿ ಬೆಳಕು ಒಂದು ಕಡೆಯಿಂದ ಒಳಗೆ ಹೋಗಿ, ನೈಲಾನನ್ನು ದಾಟಿ, ಇನ್ನೊಂದು ಕಡೆಯಿಂದ ಹೊರಗೆ ಬರಬೇಕು.

“ತುಪ್ಪ ಕಾಯಿಸಿ ಇಟ್ಟಾಗ ಮೊದಲು ಪಾತ್ರೆ ತಳ ಕಾಣತ್ತಲ್ವಾ ಅಂಕಲ್?” ಎಂದು ಅವಳು ಸೊಣ್ಣಪ್ಪನ ಎದುರು ನಿಂತು ಎರಡೂ ಕೈಯಲ್ಲಿ ಪಾತ್ರೆ ಮಾಡಿ ತೋರಿಸಿದಳು. “ಆರ್ತಾ ಆರ್ತಾ ಹರಳು ಕಟ್ಟತ್ತೆ, ಬೆಳ್ಳಗಾಗತ್ತೆ, ತಳ ಮುಚ್ಚಿಹೋಗತ್ತೆ. ನೈಲಾನೂ ಹಂಗೇ. ಬಿಸಿ ಇದ್ದಾಗ ಬೆಳಕು ಸಲೀಸಾಗಿ ದಾಟತ್ತೆ, ಹರಳು ಕಟ್ಟಿದಂಗೆಲ್ಲ ಕಮ್ಮಿ ಆಗತ್ತೆ. ಲ್ಯಾಪ್‌ಟಾಪಲ್ಲಿ ಈ ಗೆರೆ ತನಕ ಇಳೀತು ಅಂದ್ರೆ ಕಟ್ಟಿದೆ ಅಂತ. ಮಿಷನ್ ತಾನೇ ಅಚ್ಚು ತೆಗೆಯತ್ತೆ.”

“ತುಪ್ಪ ಕಟ್ಟದಾ ಅಂತ ನೋಡಾಕೆ ನಮ್ಮನೇಲಿ ಯಾರೂ ಟಾರ್ಚ್ ಬುಡಲ್ಲ ಕಣವ್ವ,” ಎಂದ ಸೊಣ್ಣಪ್ಪ.

“ನಿಮ್ಮ ಮನೆ ತುಪ್ಪದ ಡಬ್ಬಕ್ಕೆ ಮುಚ್ಚಳ ಇರತ್ತೆ ಅಂಕಲ್, ತೆಗೀಬಹುದು. ಇದಕ್ಕೆ ಐವತ್ತು ಟನ್ ಮುಚ್ಚಳ.”

ಅವಳ ಮಾತು ಅವನಿಗೆ ಪೂರ್ತಿ ತಿಳಿದಿತ್ತು. ಅದೇ ಅವನಿಗೆ ಆಶ್ಚರ್ಯ. ಬೇರೆಯವರೆಲ್ಲ ಮಿಷನ್ನಿಗೆ ಮುಖ ಮಾಡಿ ಮಾತಾಡುತ್ತಿದ್ದರು. ಈ ಹುಡುಗಿ ಮುಖ ನೋಡಿ, ತುಟಿ ಬಿಡಿಸಿ, ಕೈ ಆಡಿಸಿ ಹೇಳುತ್ತಿದ್ದಳು. ವರ್ಷಗಳ ಮೇಲೆ ಶೆಡ್ಡಿನಲ್ಲಿ ಒಬ್ಬರ ಮಾತು ಅವನನ್ನು ಮುಟ್ಟಿತ್ತು. ಅಚ್ಚಿಗೆ ಕಣ್ಣು ಬಂದರೆ ಕಿವಿಗೆ ಕೆಲಸವೇನು ಎಂಬ ಭಯವಿದ್ದರೂ ಅವಳು ಬಂದ ದಿನ ಟೀ ಮೊದಲು ಅವಳಿಗೆ ಹೋಗುತ್ತಿತ್ತು.

ಸೆನ್ಸರು ಚೆನ್ನಾಗಿಯೇ ನಡೆಯಿತು. ಸೆಕೆಂಡುಗಳು ಕರಗಿದವು, ಗಿಯರುಗಳು ಸರಿಯಾಗಿ ಬಂದವು. ನರೇಂದ್ರ ಮಾತ್ರ ಕೊನೆಯ ಮಾತು ಸೊಣ್ಣಪ್ಪನದೇ ಎಂದ. “ಮಿಷನ್ ಏನೇ ಹೇಳ್ಲಿ, ಸೊಣ್ಣಪ್ಪಣ್ಣನ ಕಿವಿ ಪಾಸ್ ಮಾಡ್ದೆ ಮೂಟೆ ಹೊಲಿಯೋ ಹಂಗಿಲ್ಲ.” ಸೊಣ್ಣಪ್ಪ ಎದೆಯುಬ್ಬಿಸಿ ಬಡಿದ, ತಲೆಯಾಡಿಸಿದ. ಈಗ ಅವನ ಹಿಂದೆ ಕಾಯುವ ಹೆಚ್ಚುವರಿ ಸೆಕೆಂಡುಗಳಿರಲಿಲ್ಲ. ಬರಿಗೈ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಷನ್ನುಗಳನ್ನು ಒರೆಸಿ, ಬಾಳೆಕಂದು ಕಟ್ಟಿ, ಒಂದೊಂದಕ್ಕೂ ವಿಭೂತಿ ಎಳೆದು ಕುಂಕುಮ ಇಡುವ ಅಧಿಕಾರ ಮೊದಲಿನಿಂದಲೂ ಸೊಣ್ಣಪ್ಪನದು. ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ. ಒಮ್ಮೆ ಇಟ್ಟರೆ ಮುಂದಿನ ವರ್ಷದವರೆಗೆ ಬಿಡಬಾರದು. ಕಂಪ್ರೆಸರಿಗೆ ಇಟ್ಟ, ಗ್ರೈಂಡರಿಗೆ ಇಟ್ಟ, ಗಯಾಸ್ ತಡೆಯದಿದ್ದರೆ ಗಯಾಸನಿಗೂ ಇಡುತ್ತಿದ್ದ. ತೆರೆದಿದ್ದ ಅಚ್ಚಿನ ಮುಂದೆ ಬಂದಾಗ ಕೈ ನಿಂತಿತು. ಈ ಸೆನ್ಸರು ಹೊಸದಾಗಿ ಬಂದವಳು, ಹಬ್ಬದ ದಿನ ಬರಿಹಣೆಯಲ್ಲಿರಬೇಕೇ? ಹಣೆ ಎಲ್ಲಿದೆ ಎಂದು ಹುಡುಕಿದ. ಇದ್ದದ್ದು ಕಡಲೆಬೇಳೆಯಷ್ಟು ಕಣ್ಣು ಮಾತ್ರ. ‘ನಿಂಗೂ ದೃಷ್ಟಿಯಾಗದೆ ಇರ್ಲಿ ಕಣವ್ವ’ ಎಂದುಕೊಂಡು ಉಂಗುರದ ಬೆರಳಲ್ಲಿ ಆ ಗಾಜಿಗೇ ಒಂದು ಬೊಟ್ಟು ಒತ್ತಿದ.

ಹಬ್ಬ ಮುಗಿದು ಮಿಷನ್ ಶುರುವಾದಾಗ ಮೊದಲ ಕೆಲವು ಗಿಯರುಗಳು ಕೆಂಪು ಚುಕ್ಕೆ ಹಾಕಿಕೊಂಡು ಬಿದ್ದವು. ಹಬ್ಬದ ಮಾರನೆಯ ದಿನ ಹಾಗೆ ಆಗುವುದೇ ಎಂದು ಅವನ್ನು ಗಯಾಸನ ಗ್ರೈಂಡರಿಗೆ ಎಸೆದರು. ಆಮೇಲೆ ಬಿಳಿ ಗಿಯರುಗಳೇ ಬಂದವು. ಮಿಷನ್ ಮಾತ್ರ ಹಿಂದೆಂದೂ ಇಲ್ಲದ ವೇಗದಲ್ಲಿ ಅಚ್ಚು ತೆರೆಯತೊಡಗಿತು. ಟ್ರೇಗಳು ತುಂಬಿದವು, ಮೂಟೆಗಳು ಎದ್ದವು. ನರೇಂದ್ರ ಶೆಡ್ಡಿನಲ್ಲಿ ಸಿಳ್ಳೆ ಹಾಕಿಕೊಂಡು ಓಡಾಡಿದನಂತೆ. ಸೊಣ್ಣಪ್ಪನಿಗೆ ಅದು ಕಂಡಿತು, ಕೇಳಲಿಲ್ಲ. ವನಿತಾ ಇದ್ದಿದ್ದರೆ ಲ್ಯಾಪ್‌ಟಾಪ್ ನೋಡಿ ಏನೋ ಎಡವಟ್ಟಾಗಿದೆ ಎನ್ನುತ್ತಿದ್ದಳು. ಅವಳು ಡೆಂಗ್ಯೂ ಬಂದು ಮನೆಯಲ್ಲಿ ಮಲಗಿದ್ದಳು. ಸೊಣ್ಣಪ್ಪ ಪ್ರತಿ ಟ್ರೇಯಿಂದ ಒಂದು ಎತ್ತಿ ಬಡಿದ. ತಲೆಯಾಡಿಸಿದ. “ಪಾಸ್!”

ಕೆಲವೇ ದಿನಗಳಲ್ಲಿ ಲಾರಿ ವಾಪಸ್ ಬಂದು ಗೇಟಿನೊಳಗೆ ಮೂಟೆಗಳನ್ನು ಉರುಳಿಸಿತು. ಕುಗ್ಗಿದ ಗಿಯರುಗಳು. ಒಂದಕ್ಕೂ ಹಲ್ಲು ಕೂರುತ್ತಿರಲಿಲ್ಲ. ಆ ಮೂಟೆಗಳ ರಾಶಿ ನಂದಿಬೆಟ್ಟದಷ್ಟು ಎತ್ತರವಿತ್ತು. ಅಳತೆ ಹಿಡಿದವರು ಎದೆಯೆತ್ತರ ಎನ್ನುತ್ತಾರೆ, ಆದರೆ ಅವರು ಅದನ್ನು ಸೊಣ್ಣಪ್ಪ ನಿಂತ ಜಾಗದಿಂದ ನೋಡಿದವರಲ್ಲ.

ನರೇಂದ್ರ ಒಂದು ಕ್ಷಣವೂ ಅವನ ಮೇಲೆ ಅನುಮಾನ ಪಡಲಿಲ್ಲ. ಅದೇ ಘೋರ. “ಸೊಣ್ಣಪ್ಪಣ್ಣ ಒಂದೊಂದು ಟ್ರೇನೂ ಬಡಿದು ನೋಡಿದ್ದಾನೆ. ಇಲ್ಲಿಂದ ಹೋಗೋವಾಗ ಮಾಲು ಸರಿಯಾಗೇ ಇತ್ತು,” ಎಂದು ಎಲ್ಲರ ಮುಂದೆ ಹೇಳಿದ. “ಆ ಹುಡುಗಿ ಲೈಟ್ ಬಿಟ್ಟೂ ಬಿಟ್ಟೂ ನೈಲಾನನ್ನೇ ಕೆಡಿಸಿದೆ. ಬಿಚ್ಚಿಸಿ ಆಚೆ ಹಾಕ್ತೀನಿ. ಅವರ ಕಾಲೇಜಿಗೂ ಬರೀತೀನಿ, ಇನ್ಯಾರೂ ಶೆಡ್ಡಿಗೆ ಸೇರಿಸಬಾರದು ಹಂಗೆ.”

ಅಚ್ಚನ್ನು ಇಳಿಸಿ ಒರೆಸಿಡುವ ಕೆಲಸ ಸೊಣ್ಣಪ್ಪನಿಗೆ ಬಂತು. ಬನಿಯನ್ ವೇಸ್ಟಿನ ಬಟ್ಟೆಗೆ ಸೀಮೆಎಣ್ಣೆ ಹಾಕಿ ಒಳಗೆಲ್ಲ ಉಜ್ಜಿದ. ಗಾಜಿನ ಕಿಟಕಿಯ ಹತ್ತಿರ ಬಟ್ಟೆಗೆ ಏನೋ ಅಂಟಿತು. ಬೆಳಕಿಗೆ ಹಿಡಿದ. ಸುಟ್ಟು ಕಂದಾದ ಎಣ್ಣೆ, ಅದರಂಚಿನಲ್ಲಿ ಕೆಂಪು. ಬಿಸಿ ಅಚ್ಚಿನಲ್ಲಿ ಹರಳೆಣ್ಣೆ ಕುಂಕುಮ ಗಾಜಿಗೆ ಬೆಂದು ಕೂತಿತ್ತು. ಕಣ್ಣಿಗೆ ಪೊರೆ ಬಂದಂತೆ. ಬೆಳಕು ಹುಟ್ಟುವಾಗಲೇ ಮಂಕು, ಆದ್ದರಿಂದ ಗೆರೆ ಮುಟ್ಟಲು ಎರಡೇ ಹೆಜ್ಜೆ. ಪಾಪ, ಮಿಷನ್ನು ನೈಲಾನ್ ಕಟ್ಟಿತೆಂದು ನಂಬಿ ಬಾಗಿಲು ತೆರೆದಿದೆ. ಸೊಣ್ಣಪ್ಪ ಬಟ್ಟೆಯನ್ನು ಮಡಿಸಿ ಜೇಬಿಗೆ ತುರುಕಿದ. ಕಿಟಕಿ ಈಗ ಫಳಫಳ ಹೊಳೆಯುತ್ತಿತ್ತು. ಇನ್ನು ಯಾರು ನೋಡಿದರೂ ಏನೂ ಕಾಣುವಂತಿರಲಿಲ್ಲ.

ಹೇಳಿದರೆ? ಕುಂಕುಮದ ತಪ್ಪು ದೊಡ್ಡದಲ್ಲ, ನಕ್ಕು ಬಿಡುತ್ತಾರೆ. ಆದರೆ ನಕ್ಕಾದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಮಿಷನ್ನಿಗೆ ಕಣ್ಣು ಕಾಣಲಿಲ್ಲ ಸರಿ, ನಿನ್ನ ಕಿವಿಗೆ ಏನಾಗಿತ್ತು?

ಮಾರನೆಯ ದಿನ ವನಿತಾ ಬಂದಳು. ಡೆಂಗ್ಯೂ ಅವಳನ್ನು ಹಿಂಡಿ ಅಗಸೆಕಡ್ಡಿ ಮಾಡಿತ್ತು. ಲ್ಯಾಪ್‌ಟಾಪ್ ತೆರೆದು ನೋಡಿದಳು, ಕಿಟಕಿ ನೋಡಿದಳು, ಮತ್ತೆ ಲ್ಯಾಪ್‌ಟಾಪ್ ನೋಡಿದಳು. “ಹಬ್ಬ ಆದ ದಿನದಿಂದ ಬೆಳಕು ಕಮ್ಮಿ ಬಂದಿದೆ ಅಂಕಲ್. ಗಾಜು ಕ್ಲೀನಾಗಿದೆ. ಅಂದ್ರೆ ನನ್ನ ಫೈಬರೇ ಒಳಗೆಲ್ಲೋ ಮುರಿದಿದೆ. ಕೂರಿಸೋವಾಗ ನಾನೇ ಒಂದು ಸಲ ಬಗ್ಗಿಸಿಬಿಟ್ಟಿದ್ದೆ.” ತುಟಿ ಅದುರುತ್ತಿದ್ದರಿಂದ ಅವನಿಗೆ ಓದಲು ಕಷ್ಟವಾಯಿತು. “ನಂದೇ ತಪ್ಪು. ನಾಳೆ ಬಂದು ಬಿಚ್ಕೊಂಡು ಹೋಗ್ತೀನಿ. ಗೈಡ್ ಸರ್ ಈ ವಿಷಯನೇ ಬಿಟ್ಬಿಡು ಅಂದ್ರು.”

ಸೊಣ್ಣಪ್ಪ ಜೇಬಿನಲ್ಲಿ ಕೈಯಿಟ್ಟು ಬಟ್ಟೆಯನ್ನು ಹಿಂಡಿದ.

ಸಂಜೆ ಮನೆಯಲ್ಲಿ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ. ಕಡಲೆಬೀಜವೊಂದು ಬಂದು ಹಣೆಗೆ ತಾಗಿತು. ತಲೆಯೆತ್ತಿ ಎಲ್ಲವನ್ನೂ ಹೇಳಿದ.

ಮುನಿಕೆಂಪಮ್ಮ ಎದುರಿಗೆ ಕೂತು ಅವನ ಗಲ್ಲ ಹಿಡಿದು ತನ್ನ ಬಾಯಿಯ ಕಡೆಗೆ ತಿರುಗಿಸಿಕೊಂಡಳು. “ಕುಕ್ಕರ್ ಕೂಗಿ ಕೂಗಿ ತಳ ಸೀದೋದ್ರೂ ಗೊತ್ತಾಗ್ದೋನು, ಗಿಯರ್ ಕೂಗದು ಕೇಳ್ತದೆ ಅಂತ ಊರ್ ತುಂಬ ಸಾರ್ಕಂಡ್ ಬಂದೆಲ್ಲ ಮಾರಾಯ!”

“ಏಳ್ಬುಟ್ರೆ ನಂಗೆ ಅಲ್ಲಿ ಏನೈತೆ ಕೆಲ್ಸ? ಗೇಟಿಗೆ ಕೂರಸ್ತಾರೆ ಅಂದ್ರೆ, ಲಾರಿ ಆರನ್ ಸದ್ದೂ ಕೇಳ್ಸಲ್ಲ. ಕಿವಿ ಇಲ್ದಿದ್ ಮೇಲೆ ಸೊಣ್ಣಪ್ಪ ಅಂದ್ರೆ ಯಾರು?”

“ಕಿವಿ ಓತು ಅಂತ ನಾನೇನ್ ನಿನ್ನ ಬುಟ್ಟು ತೌರಿಗ್ ಓದ್ನಾ? ಬಯ್ಯದ ವಸಿ ಜೋರಾಗ್ ಬಯ್ತೀನಿ, ಅಷ್ಟೇ.” ಆಮೇಲೆ ಅವಳ ಮುಖದ ನಗೆ ಇಳಿಯಿತು. “ಆ ಉಡುಗಿ ಜ್ವರದಾಗೆ ಎದ್ ಬಂದು ನಂದೇ ತಪ್ಪು ಅಂದ್ಲಾ? ಅದ ಕಣ್ಣಾರೆ ನೋಡ್ಕಂಡು ಬಂದು ಮುದ್ದೆ ಮುರೀತಾ ಕುಂತಿದ್ಯಾ?”

ಬೆಳಿಗ್ಗೆ ಸೊಣ್ಣಪ್ಪ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದ. ವನಿತಾ ಬಂದು ಫೈಬರಿನ ಎಳೆಗಳನ್ನು ಸುತ್ತತೊಡಗಿದಾಗ ನರೇಂದ್ರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಸೊಣ್ಣಪ್ಪ ನಡುವೆ ಬಂದು ಬಟ್ಟೆಯನ್ನು ಬಿಡಿಸಿ ಹಿಡಿದ.

“ನಿಲ್ಸವ್ವ. ನಿನ್ನ ವೈರು ಸರ್ಯಾಗೈತೆ. ಅಬ್ಬದ್ ದಿನ ಗಾಜಿಗೆ ಕುಂಕುಮ ಮಡಗಿದ್ದು ನಾನು. ಒರೆಸಿದ್ದೂ ನಾನೇ.”

ವನಿತಾ ಬಟ್ಟೆಯನ್ನು ತೆಗೆದುಕೊಂಡು ಮೂಸಿದಳು. ಸುಟ್ಟ ಹರಳೆಣ್ಣೆ. ನೆಲದ ಮೇಲೆ ಹಾಗೆಯೇ ಕುಕ್ಕರಿಸಿಬಿಟ್ಟಳು. “ಅಯ್ಯೋ, ಗಾಜು ಕೊಳೆಯಾಗಬಹುದು ಅಂತ ನಾನು ಯೋಚನೆನೇ ಮಾಡಿಲ್ವಲ್ಲ…”

ನರೇಂದ್ರ ನಕ್ಕ. “ಸೊಣ್ಣಪ್ಪಣ್ಣ, ನಿಂದು ಭಾರೀ ಒಳ್ಳೇ ಮನಸ್ಸು. ಹುಡುಗಿ ಅಳೋದು ನೋಡೋಕಾಗ್ದೆ ಕಥೆ ಕಟ್ತಿದ್ದೀಯ. ಕುಂಕುಮದಿಂದಾನೇ ಅರೆಬೆಂದ ಮಾಲು ಬಂದಿದ್ರೆ ನಿನ್ ಕಿವಿಗೆ ಗೊತ್ತಾಗ್ತಿರ್ಲಿಲ್ವಾ?”

ಬಂತು. ತುಟಿ ಅರೆಬರೆ ಕಂಡದ್ದೇ ಸಾಕು, ರಾತ್ರಿಯೆಲ್ಲ ಕಾದಿದ್ದ ಪ್ರಶ್ನೆ ಬಂದೇ ಬಂತು. ಅದೂ ಹೊಗಳಿಕೆಯ ಉಡುಪಿನಲ್ಲಿ. ಇಲ್ಲಿಗೆ ಸುಮ್ಮನಾದರೆ ಬಟ್ಟೆಯೂ ಸುಳ್ಳಾಗುತ್ತದೆ, ಹುಡುಗಿ ಗಂಟು ಕಟ್ಟುತ್ತಾಳೆ, ಅವನ ಕಿವಿ ಮಾತ್ರ ಅಬ್ಬಿಗೆರೆಯಲ್ಲಿ ಅಜರಾಮರ. ಇಷ್ಟು ವರ್ಷ ತಾನು ಕೊಚ್ಚಿಕೊಂಡದ್ದನ್ನು ಜನ ಇಷ್ಟೊಂದು ನಂಬಿದ್ದಾರೆಂದು ಸೊಣ್ಣಪ್ಪನಿಗೇ ತಿಳಿದಿರಲಿಲ್ಲ.

ಟ್ರೇಯಿಂದ ಒಂದು ಹಳೆಯ ಒಳ್ಳೆಯ ಗಿಯರನ್ನು ಎತ್ತಿ ನರೇಂದ್ರನ ಕೈಗಿಟ್ಟ. “ನಾನು ಗೋಡೆ ಕಡೀಕ್ ತಿರುಗ್ತೀನಿ. ನೀವು ಬಡೀರಿ. ಕೇಳಿದೇಟ್ಗೆ ಕೈ ಎತ್ತೀನಿ.” ಗಯಾಸ್ ಗ್ರೈಂಡರನ್ನು ನಿಲ್ಲಿಸಿದ. ಶೆಡ್ಡಿನಲ್ಲಿ ಆವರೆಗೆ ಯಾರೂ ಕೇಳಿರದ ನಿಶ್ಶಬ್ದ ಬಂದು ಕೂತಿತು.

ಸೊಣ್ಣಪ್ಪ ಗೋಡೆ ನೋಡುತ್ತ ನಿಂತ. ಗೋಡೆಯ ಮೇಲೆ ಹೋದ ವರ್ಷದ ವಿಭೂತಿಯ ಮೂರು ಗೆರೆಗಳಿದ್ದವು. ಕಾದ. ಇರುವೆಯೊಂದು ಮೊದಲ ಗೆರೆಯನ್ನು ದಾಟಿ ಎರಡನೆಯದಕ್ಕೆ ಬಂತು. ಇನ್ನೂ ಕಾದ.

“ಬಡೀರಿ ಸಾರ್,” ಎಂದ. “ಯಾಕೆ ಸುಮ್ಕೆ ನಿಂತ್ರಿ?”

ಹೇಳುತ್ತಲೇ ತಿರುಗಿದ. ನರೇಂದ್ರ ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿದ್ದ, ಗಿಯರನ್ನು ಒಂದು ಕಬ್ಬಿಣದ ತುಂಡಿಗೆ ಒತ್ತಿ ಹಿಡಿದಿದ್ದ. ವನಿತಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಗಯಾಸ್ ಬೇರೆ ಕಡೆ ನೋಡುತ್ತಿದ್ದ. ಎಷ್ಟು ಸಲ ಬಡಿದನೆಂದು ಸೊಣ್ಣಪ್ಪ ಕೇಳಲಿಲ್ಲ.

ನರೇಂದ್ರ ಗಿಯರನ್ನು ಟ್ರೇಗೆ ಹಾಕಿ ವನಿತಾಳಿಗೆ, “ಬಿಚ್ಚಬೇಡಮ್ಮ. ವಾಪಸ್ ಹಾಕು,” ಎಂದ. ಆಮೇಲೆ ಸೊಣ್ಣಪ್ಪನ ಕಡೆ ತಿರುಗಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಮಾತಾಡಿದ. ಒಂದಕ್ಷರವೂ ತಪ್ಪದೆ ಸೊಣ್ಣಪ್ಪನಿಗೆ ತಲುಪಿತು.

“ನಾಳೆಯಿಂದ ನೀನು ಬಡಿಯೋದು ಬೇಡ. ಕೆಲಸದ ವಿಷಯ ಆಮೇಲೆ ನೋಡೋಣ. ಏನೂ ಕೇಳಿಸ್ತಿರ್ಲಿಲ್ಲ ಅಂದ್ರೆ, ಇಷ್ಟು ವರ್ಷ ಒಂದು ಮೂಟೆನೂ ವಾಪಸ್ ಬರ್ದೆ ಇರೋ ಹಂಗೆ ಹೆಂಗ್ ಮಾಡ್ದೆ ನೀನು? ಅದಾದ್ರೂ ನಿಜ ಹೇಳು.”

“ದಿನಾ ಆಫೀಸ್ ಬಾಗ್ಲಾಗ್ ನಿಂತು ‘ಬೇಗ್ ತೆಗಿ, ಬೇಗ್ ತೆಗಿ’ ಅಂತ ಬಡ್ಕಂತಿದ್ರಲ್ಲ ಸಾರ್,” ಎಂದ ಸೊಣ್ಣಪ್ಪ. “ಅದ್ ನಂಗೆ ಕೇಳಿಸ್ತಿರ್ಲಿಲ್ಲ.”